ಜಪಾನಿನ ‘ಅವಾ’ ಮತ್ತು ನಮ್ಮಜ್ಜಿ ಮುಟ್ಟದ ನವಣೆ

ಹಿಂದೆ ಎಲ್ಲೋ ರೈಲಿನ ಸದ್ದು ಕೇಳಿಸಿದ್ರೆ ಅದು ಸೌಂಡ್ ಎಫೆಕ್ಟ್ ಅಂದ್ಕೋಬೇಡಿ. ಇವತ್ತು ನಾನು ರೆಕಾರ್ಡ್ ಮಾಡ್ತಿರೋದು ಚಿಕ್ಕಜಾಜೂರಿನ ನಮ್ಮ ಮನೆಯಲ್ಲಿ, ಸ್ಟೇಷನ್ ಇಲ್ಲಿಂದ ಕೂಗಳತೆ ದೂರ. ನಮ್ಮೂರನ್ನ ನೋಡಿಲ್ಲದವರೂ ಅದರ ಹೆಸರು ಕೇಳಿರ್ತಾರೆ. ಬೆಂಗಳೂರು–ಹುಬ್ಬಳ್ಳಿ ರೈಲಲ್ಲಿ ಮಲಗಿದ್ದವರು ಎದ್ದು, ಕಿಟಕಿ ಸರಿಸಿ, “ಯಾವೂರು ಇದು?” ಅಂತ ಕೇಳೋ ಜಂಕ್ಷನ್. ಇಲ್ಲಿಂದ ಒಂದು ಲೈನ್ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿ ಕಡೆ ಕವಲೊಡೆಯುತ್ತೆ.

ಹೋದ ತಿಂಗಳು ಇದೇ ಸ್ಟೇಷನ್ನಿಗೆ ನನ್ನ ಹೆಸರಿಗೆ ಒಂದು ಬ್ಯಾಗ್ ಬಂತು. ಬೆಂಗಳೂರಲ್ಲಿ ಕೆಲಸ ಮಾಡೋ ನನ್ನ ಗೆಳೆಯ ಟ್ರೈನಿಂಗ್ ಅಂತ ಆರು ವಾರ ಜಪಾನಿಗೆ ಹೋಗಿದ್ದ. “ಸೂಶಿ, ರಾಮೆನ್ ಎಲ್ಲಾ ಎಲ್ಲರಿಗೂ ಗೊತ್ತು. ಅಲ್ಲಿಯವರೇ ಮರೀತಿರೋ ಅಡುಗೆ ಸಾಮಾನು ಏನಾದ್ರೂ ತಗೊಂಬಾ, ಮನೇಲಿ ಮಾಡಿ ಎಪಿಸೋಡ್ ಮಾಡ್ತೀನಿ” ಅಂದಿದ್ದೆ. ಪುಣ್ಯಾತ್ಮ, ಅರ್ಧರ್ಧ ಕೇಜಿಯ ಐದು ಪ್ಯಾಕೆಟ್ ತಂದು, ಊರಿಗೆ ಹೊರಟಿದ್ದ ಇನ್ನೊಬ್ಬ ಹುಡುಗನ ಕೈಲಿ ಕಳಿಸಿದ. ಪ್ಯಾಕೆಟ್ ಮೇಲೆಲ್ಲ ಜಪಾನಿ ಅಕ್ಷರ. ಅವನೇ ಸ್ಕೆಚ್ ಪೆನ್ನಲ್ಲಿ ಕನ್ನಡದಲ್ಲಿ ಬರೆದಿದ್ದ: ಅವಾ, ಕಿಬಿ, ಹಿಯೆ, ಅಜುಕಿ, ಕಿನಾಕೊ.

ನಾನು ಮೊಬೈಲ್ ಕ್ಯಾಮೆರಾ ಆನ್ ಮಾಡಿ, ದೊಡ್ಡ ಗಾಂಭೀರ್ಯದಿಂದ ಅವಾ ಪ್ಯಾಕೆಟ್ ಕತ್ತರಿಸಿ ತಟ್ಟೆಗೆ ಸುರಿದೆ. ಪಕ್ಕದಲ್ಲಿ ಅಡಿಕೆ ಕತ್ತರಿಸ್ತಾ ಕೂತಿದ್ದ ಅಜ್ಜಿ ಒಂದು ಚಿಟಿಕೆ ತಗೊಂಡು ಅಂಗೈಯಲ್ಲಿ ಉಜ್ಜಿದ್ಲು.

“ಇದ್ಯಾತಕ್ಕೆ ಅಷ್ಟು ದೂರದಿಂದ ತರ್ಸಿದ್ಯೋ? ನವಣೆ ಕಣಲೇ ಇದು.”

ಎರಡನೇದು? “ಬರಗು.” ಮೂರನೇದು? ಸ್ವಲ್ಪ ಹೊತ್ತು ನೋಡಿದ್ಲು. “ಊದ್ಲು ಇದ್ದಂಗೈತೆ. ನಮ್ದಲ್ಲ. ಆದ್ರೂ ಊದ್ಲೇ.”

ನನ್ನ ಎಪಿಸೋಡ್ ಅಲ್ಲೇ ಪಂಕ್ಚರ್ ಆಯ್ತು. ಆದರೆ ಅವತ್ತು ರಾತ್ರಿ ಓದೋಕೆ ಕೂತಾಗ ಗೊತ್ತಾಯ್ತು: ಅಜ್ಜಿ ಹೇಳಿದ ಮೂರಕ್ಕೆ ಮೂರೂ ಸರಿ. ಜಪಾನಿನ ಅವಾ ಮತ್ತು ನಮ್ಮ ನವಣೆ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಬೆಳೆ, ಸೆಟೇರಿಯಾ ಇಟಾಲಿಕಾ. ಕಿಬಿ ಮತ್ತು ಬರಗು ಕೂಡ ಒಂದೇ. ಈ ಎರಡನ್ನೂ ಸಾವಿರಾರು ವರ್ಷಗಳ ಹಿಂದೆ ಮೊದಲು ಪಳಗಿಸಿದ್ದು ಉತ್ತರ ಚೀನಾದಲ್ಲಿ. ಅಲ್ಲಿಂದ ಒಂದು ದಾರಿ ಹಿಡಿದು ಜಪಾನಿಗೆ, ಇನ್ನೊಂದು ದಾರಿ ಹಿಡಿದು ನಮ್ಮ ಕಡೆಗೆ ಬಂದಿವೆ. ಹಿಯೆ ವಿಷಯ ಮಾತ್ರ ಬೇರೆ. ಅದು ಊದಲಿನ ದಾಯಾದಿ. ಜಪಾನಿನ ಕಡೆ ಒಂದು ಕಾಡುಹುಲ್ಲನ್ನ ಪಳಗಿಸಿ ಹಿಯೆ ಮಾಡಿದ್ರು, ಇಂಡಿಯಾದಲ್ಲಿ ಅದರದ್ದೇ ಜಾತಿಯ ಇನ್ನೊಂದು ಹುಲ್ಲನ್ನ ಪಳಗಿಸಿ ಊದಲು ಮಾಡಿದ್ರು. ‘ನಮ್ದಲ್ಲ, ಆದ್ರೂ ಊದ್ಲೇ’ ಅನ್ನೋದಕ್ಕಿಂತ ಚೆನ್ನಾಗಿ ಯಾವ ಪ್ರೊಫೆಸರ್ ಹೇಳ್ತಾರೆ ಹೇಳಿ.

ಇದ್ರಲ್ಲಿ ಎರಡನ್ನ ನೀವೂ ನೋಡಿದ್ದೀರಿ, ಟೀವಿಯಲ್ಲಿ. ಡೋರೆಮಾನ್ ಪ್ರಾಣ ಬಿಡೋ ಡೋರಾ ಕೇಕ್ ಇದೆಯಲ್ಲ, ಅದರ ಒಳಗಿನ ಕಂದು ಬಣ್ಣದ ಸಿಹಿ ಚಾಕೊಲೇಟ್ ಅಲ್ಲ. ಅಜುಕಿ ಅನ್ನೋ ಕೆಂಪು ಕಾಳನ್ನ ಬೇಯಿಸಿ, ಸಕ್ಕರೆ ಹಾಕಿ ಅರೆದದ್ದು. ಅಂದ್ರೆ ಹೂರಣ. ನನ್ನ ಬಾಲ್ಯದ ಅತಿ ದೊಡ್ಡ ಗುಟ್ಟು ಹೀಗೆ ಮೂವತ್ತು ವರ್ಷ ಹತ್ತಿರ ಬಂದಮೇಲೆ ಬಯಲಾಯ್ತು. ಇನ್ನು ಪ್ರಾಣಿಗಳಿಗೆ ತಿನ್ನಿಸಿ ಪಳಗಿಸೋ ಉಂಡೆಯ ಗ್ಯಾಜೆಟ್ ಒಂದು ಬರುತ್ತೆ ಅಲ್ವಾ? ಅದು ಮೊಮೊತಾರೊ ಅನ್ನೋ ಜಾನಪದ ಕತೆಯದು. ಪೀಚ್ ಹಣ್ಣಿನಿಂದ ಹುಟ್ಟಿದ ಹುಡುಗ ರಾಕ್ಷಸರ ಮೇಲೆ ಯುದ್ಧಕ್ಕೆ ಹೊರಡ್ತಾನೆ. ದಾರಿಯಲ್ಲಿ ನಾಯಿ, ಕೋತಿ, ಕಾಡುಕೋಳಿಯಂಥ ಒಂದು ಹಕ್ಕಿ ಸಿಗ್ತವೆ. ಅಜ್ಜಿ ಕಟ್ಟಿಕೊಟ್ಟಿದ್ದ ಕಿಬಿ ಉಂಡೆ ಒಂದೊಂದು ಕೊಟ್ಟು ಮೂರನ್ನೂ ಸೈನ್ಯಕ್ಕೆ ಸೇರಿಸ್ಕೊಳ್ತಾನೆ. ಬರಗಿನ ಉಂಡೆ! ಅದರ ಆಸೆಗೆ ಕೋತಿ ಯುದ್ಧಕ್ಕೆ ಬಂತು ಅಂದ್ರೆ, ಬರಗಿಗೆ ಆ ಕಾಲದಲ್ಲಿ ಎಂಥ ಮಾರ್ಕೆಟ್ ಇತ್ತು ನೋಡಿ.

ಸರಿ, ಅಡುಗೆ. ಮೊದಲ ದಿನ ಅಜುಕಿ. ರಾತ್ರಿ ನೆನೆಸಿ, ಒಂದು ಕುದಿ ಬಂದ ನೀರನ್ನ ಚೆಲ್ಲಿ, ಹೊಸ ನೀರಲ್ಲಿ ಬೇಯಿಸಬೇಕು. ಮೊದಲ ನೀರು ಒಗರು. ಸಕ್ಕರೆ ಬದಲು ಬೆಲ್ಲ, ಏಲಕ್ಕಿ ಹಾಕಿ ಅಮ್ಮ ಅದರಲ್ಲಿ ಹೋಳಿಗೆ ಮಾಡಿದ್ಲು. ಬಣ್ಣ ಸ್ವಲ್ಪ ಹೆದರಿಸುತ್ತೆ, ಕಪ್ಪುಗೆಂಪು. ರುಚಿ ಹೆಸರುಕಾಳಿನ ಹೂರಣಕ್ಕೂ ಅಲಸಂದೆಗೂ ಮಧ್ಯ ಎಲ್ಲೋ ಇದೆ. ಮನೆಯಲ್ಲಿ ಹದಿನಾಲ್ಕು ಹೋಳಿಗೆ ಹತ್ತು ನಿಮಿಷದಲ್ಲಿ ಖಾಲಿ. ಕಿನಾಕೊ ಅಂದ್ರೆ ಹುರಿದ ಸೋಯಾ ಹಿಟ್ಟು. ಮೂಸಿ ನೋಡಿದ ತಕ್ಷಣ ಅಜ್ಜಿ “ಹುರಿಟ್ಟು” ಅಂದ್ಲು. ಬೆಲ್ಲದ ಪುಡಿ ಕಲಸಿ ಬಾಯಿಗೆ ಹಾಕ್ಕೊಂಡು ಕೆಮ್ಮಿದ್ದೂ ಆಯ್ತು. ಆ ಕೆಮ್ಮು ಕೂಡ ಹುರಿಹಿಟ್ಟಿಂದೇ.

ಎರಡನೇ ದಿನ ಅವಾ ಅನ್ನ. ಜಪಾನಿನ ಪದ್ಧತಿಯಲ್ಲಿ ಅಕ್ಕಿ ಜೊತೆ ಬೆರೆಸಿ ಬೇಯಿಸಿದೆ. ಹಳದಿ ಹಳದಿಯಾಗಿ, ಸ್ವಲ್ಪ ಅಂಟಂಟಾಗಿ ಬಂತು. ಜೊತೆಗೆ ಹುರುಳಿಕಾಳಿನ ಬಸ್ಸಾರು. ಅಪ್ಪ ಎರಡು ಸಲ ಬಡಿಸ್ಕೊಂಡ. ಅಜ್ಜಿ ಮಾತ್ರ ತಟ್ಟೆ ಸರಿಸಿ, “ನಂಗೆ ಬರೀ ಅಕ್ಕಿ ಅನ್ನ ಹಾಕು” ಅಂದ್ಲು.

“ಒಂದು ತುತ್ತು ನೋಡಜ್ಜಿ, ಆರೋಗ್ಯಕ್ಕೆ ಒಳ್ಳೇದು, ಈಗ ಎಲ್ಲರೂ ಸಿರಿಧಾನ್ಯ ತಿಂತಾರೆ.”

“ಎಲ್ರೂ ತಿನ್ಲಿ. ನಾನು ಉಣ್ಣಲ್ಲ.”

ಧ್ವನಿ ಏನೂ ಏರಲಿಲ್ಲ. ಆದರೆ ಆಮೇಲೆ ಊಟ ಮುಗಿಯೋವರೆಗೂ ಮಾತಾಡಲಿಲ್ಲ. ಕಾಳನ್ನ ಅಂಗೈಯಲ್ಲಿ ಉಜ್ಜಿ ಜಾತಿ ಹೇಳೋಷ್ಟು ಗೊತ್ತಿರೋ ಹೆಂಗಸು, ಅದನ್ನ ಯಾಕೆ ಬಾಯಿಗೆ ಹಾಕಲ್ಲ? ನಾನು ಆ ಪ್ರಶ್ನೆ ಇಟ್ಕೊಂಡೇ ಜಪಾನಿನ ಇತಿಹಾಸ ಓದೋಕೆ ಶುರು ಮಾಡಿದ್ದು.

ಕ್ರಿ.ಶ. 712ರ ‘ಕೊಜಿಕಿ’ ಜಪಾನಿನ ಅತಿ ಹಳೆಯ ಗ್ರಂಥಗಳಲ್ಲಿ ಒಂದು. ಅದರಲ್ಲಿ ಆಹಾರದ ದೇವತೆಯೊಬ್ಬಳು ಕೊಲೆಯಾಗ್ತಾಳೆ. ಅವಳ ದೇಹದಿಂದ ಬೆಳೆಗಳು ಹುಟ್ತವೆ. ಕಣ್ಣಿಂದ ಭತ್ತ, ಕಿವಿಯಿಂದ ಅವಾ, ಮೂಗಿನಿಂದ ಅಜುಕಿ. ಅಂದ್ರೆ ಆ ಕಾಲಕ್ಕೆ ನವಣೆ ಭತ್ತದ ಪಕ್ಕದಲ್ಲೇ ಕೂತಿತ್ತು, ಕಣ್ಣು ಕಿವಿ ನಡುವಿನ ದೂರದಲ್ಲಿ. 715ರಲ್ಲಿ ಗೆನ್‌ಶೋ ಅನ್ನೋ ಸಾಮ್ರಾಜ್ಞಿ ಪಟ್ಟಕ್ಕೆ ಬಂದ ವರ್ಷವೇ ಒಂದು ಆದೇಶ ಹೊರಡಿಸಿದಳು. ರೈತರು ಬರೀ ಗದ್ದೆ ನೆಚ್ಚಿಕೊಂಡಿದ್ದಾರೆ, ಮಳೆ ಹೆಚ್ಚುಕಮ್ಮಿ ಆದರೆ ಉಪವಾಸ ಬೀಳ್ತಾರೆ. ಹೊಲದಲ್ಲಿ ಅವಾ ಬೆಳೀರಿ, ಎಷ್ಟು ಕಾಲ ಇಟ್ಟರೂ ಕೆಡದ ಕಾಳು ಅದು. ಆದೇಶದ ತಾತ್ಪರ್ಯ ಇಷ್ಟು. ಸಾವಿರದ ಮುನ್ನೂರು ವರ್ಷ ಹಳೆಯ ಸರ್ಕಾರಿ ಸುತ್ತೋಲೆ, ನಮ್ಮ ಕೃಷಿ ಇಲಾಖೆ ಇವತ್ತು ಹೊರಡಿಸಿದ್ರೂ ಒಂದು ಪದ ಬದಲಾಯಿಸಬೇಕಿಲ್ಲ. ಇವತ್ತಿಗೂ ಪ್ರತಿ ನವೆಂಬರ್ 23ರ ರಾತ್ರಿ ಜಪಾನಿನ ಚಕ್ರವರ್ತಿ ಹೊಸ ಫಸಲನ್ನ ದೇವರಿಗೆ ಅರ್ಪಿಸೋ ಪೂಜೆ ಮಾಡ್ತಾರೆ. ಆ ನೈವೇದ್ಯದಲ್ಲಿ ಅಕ್ಕಿಯ ಜೊತೆ ಅವಾ ಇರುತ್ತೆ.

ದೇವರ ಎಡೆಗೆ ಹೀಗೆ ಹೋದ ಕಾಳು, ಮನುಷ್ಯರ ಪಂಕ್ತಿಯಲ್ಲಿ ಮಾತ್ರ ಕೆಳಗೆ ಇಳೀತು. ಇದರಲ್ಲಿ ನಾನು ಓದಿದ ಬಿ.ಕಾಂ. ಸ್ವಲ್ಪ ಕೆಲಸಕ್ಕೆ ಬಂತು.

ಜಪಾನಿನಲ್ಲಿ ಅಕ್ಕಿ ಅಂದ್ರೆ ಬರೀ ಊಟ ಅಲ್ಲ, ದುಡ್ಡು. ತೊಕುಗಾವಾ ಕಾಲದಲ್ಲಿ, ಅಂದ್ರೆ 1603ರಿಂದ 1868ರವರೆಗೆ, ಒಬ್ಬ ಪಾಳೆಯಗಾರನ ದೊಡ್ಡಸ್ತಿಕೆ ಅಳೀತಿದ್ದದ್ದು ‘ಕೊಕು’ ಲೆಕ್ಕದಲ್ಲಿ. ಒಂದು ಕೊಕು ಅಂದ್ರೆ ಸುಮಾರು 150 ಕೇಜಿ ಅಕ್ಕಿ, ಒಬ್ಬ ಮನುಷ್ಯನ ಒಂದು ವರ್ಷದ ಊಟ. ಸಮುರಾಯ್‌ಗಳಿಗೆ ಸಂಬಳ ಅಕ್ಕಿಯಲ್ಲಿ. ರೈತರ ಕಂದಾಯ ಅಕ್ಕಿಯಲ್ಲಿ. 1730ರಲ್ಲಿ ಒಸಾಕಾದ ದೋಜಿಮಾದಲ್ಲಿ ಅಕ್ಕಿಯ ಮುಂಗಡ ವ್ಯಾಪಾರಕ್ಕೆ ಸರ್ಕಾರ ಪರವಾನಗಿ ಕೊಡ್ತು. ಜಗತ್ತಿನ ಮೊದಲ ಫ್ಯೂಚರ್ಸ್ ಮಾರ್ಕೆಟ್ ಅಂತ ಅದನ್ನ ಕರೀತಾರೆ. ನಮಗೆ ಕಾಲೇಜಲ್ಲಿ ಫ್ಯೂಚರ್ಸ್ ಪಾಠ ಮಾಡಿದವರು ಶಿಕಾಗೋದಿಂದ ಶುರು ಮಾಡಿದ್ರು. ಪರೀಕ್ಷೆಯಲ್ಲಿ ಹತ್ತು ಮಾರ್ಕು, ನಾನು ತೆಗೆದಿದ್ದು ನಾಲ್ಕು, ಹೋಗಲಿ ಬಿಡಿ.

ಈಗ ಯೋಚನೆ ಮಾಡಿ. ಅಕ್ಕಿ ದುಡ್ಡಾದರೆ, ಅದನ್ನ ಬೆಳೆದವನು ಏನು ತಿನ್ನಬೇಕು? ಗುಡ್ಡಗಾಡಿನ, ಚಳಿ ಸೀಮೆಯ ರೈತರ ಮನೆಯಲ್ಲಿ ದಿನದ ಊಟ ಹಿಯೆ, ಅವಾ, ಬಾರ್ಲಿ, ಗೆಡ್ಡೆ. ಅಕ್ಕಿ ಅನ್ನ ಹಬ್ಬಕ್ಕೆ. ರೈತರು ಅಕ್ಕಿಯನ್ನೇ ತಿಂತಿರಲಿಲ್ಲ ಅನ್ನೋದು ಸ್ವಲ್ಪ ಉತ್ಪ್ರೇಕ್ಷೆ. ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬೇರೆ ಬೇರೆ ಇತ್ತು. ಆದರೆ ಯಾವುದು ಯಜಮಾನನ ಕಾಳು, ಯಾವುದು ಆಳಿನ ಕಾಳು ಅನ್ನೋದರಲ್ಲಿ ಯಾರಿಗೂ ಗೊಂದಲ ಇರಲಿಲ್ಲ.

ಕಿನಾಕೊ ಪ್ಯಾಕೆಟ್ ಹಿಂದೆ ಹೋದಾಗ ಸಿಕ್ಕ ಕತೆ ನನ್ನ ನಿದ್ದೆ ಕೆಡಿಸ್ತು. ಜಪಾನಿನ ಈಶಾನ್ಯಕ್ಕೆ ಹಾಚಿನೊಹೆ ಅಂತ ಒಂದು ಸಂಸ್ಥಾನ. ಎದೊ, ಅಂದ್ರೆ ಇವತ್ತಿನ ಟೋಕಿಯೊ, ದೊಡ್ಡ ನಗರ ಆಯ್ತು. ಅಲ್ಲಿನ ಜನಕ್ಕೆ ಮಿಸೊ ಬೇಕು, ಸೋಯಾ ಸಾಸ್ ಬೇಕು. ಸೋಯಾಕ್ಕೆ ಒಳ್ಳೇ ರೇಟು. ಹಾಚಿನೊಹೆಯವರು ಗುಡ್ಡದ ಕಾಡು ಸುಟ್ಟು ಸೋಯಾ ಹಾಕಿದ್ರು. ನಾಲ್ಕಾರು ವರ್ಷಕ್ಕೆ ನೆಲ ಸವೆದಾಗ ಅದನ್ನ ಬೀಳು ಬಿಟ್ಟು ಮುಂದಿನ ಗುಡ್ಡಕ್ಕೆ ಹೋದ್ರು. ಬೀಳು ಬಿದ್ದ ಜಾಗದಲ್ಲಿ ಕಾಡುಗೆಣಸು, ಗೆಡ್ಡೆ ಬಳ್ಳಿ ಹಬ್ಬಿದವು. ಅದನ್ನ ತಿಂದು ಕಾಡುಹಂದಿ ಹೆಚ್ಚಾದವು. 1749ರಲ್ಲಿ ಮೊದಲೇ ಚಳಿಗೆ ಫಸಲು ಕೆಟ್ಟಿತ್ತು, ಉಳಿದದ್ದನ್ನ ಹಂದಿಗಳು ನುಗ್ಗಿ ಮುಗಿಸಿದವು. ಸಾವಿರಾರು ಜನ ಹಸಿವಿನಿಂದ ಸತ್ತರು. ಆ ವರ್ಷಕ್ಕೆ ಅಲ್ಲಿ ಇವತ್ತಿಗೂ ‘ಹಂದಿ ಬರ’ ಅಂತಲೇ ಹೆಸರು.

ಹೊಳಲ್ಕೆರೆ ಸೀಮೆಯಲ್ಲಿ ಕೂತು ಇದನ್ನ ಓದಿದರೆ ಹೇಗಿರುತ್ತೆ ಹೇಳಿ. ನಮ್ಮಲ್ಲಿ ಮುಸುಕಿನ ಜೋಳಕ್ಕೆ ಹಂದಿ ಕಾಟ. ಸೋಯಾ ಜಾಗದಲ್ಲಿ ಅಡಿಕೆ. ಭೀಮಸಮುದ್ರದ ಮಾರ್ಕೆಟ್ಟಲ್ಲಿ ರಾಶಿ ಅಡಿಕೆಗೆ ಇವತ್ತು ಎಷ್ಟು ಅನ್ನೋದು ನಮ್ಮಪ್ಪನ ಮೊಬೈಲಲ್ಲಿ ಬೆಳಗ್ಗೆ ಮೊದಲು ತೆರೆಯೋ ಮೆಸೇಜ್. ನನ್ನ ಕಾಲೇಜ್ ಫೀಸು ಅಡಿಕೆಯಿಂದಲೇ ಬಂದಿದ್ದು, ಈ ಮೈಕೂ ಅದರದ್ದೇ. ಅದಕ್ಕೆ ಅಡಿಕೆಯನ್ನ ಬೈಯೋ ಯೋಗ್ಯತೆ ನನಗಿಲ್ಲ. ಆದರೆ ಮೂರನೇ ಬೋರ್‌ವೆಲ್ ಕೂಡ ಗಾಳಿ ಉಗುಳೋಕೆ ಶುರು ಮಾಡಿದಾಗ, ಟ್ಯಾಂಕರ್ ನೀರು ಹೊಡಿಸಿ ಮರ ಉಳಿಸೋ ಲೆಕ್ಕ ಹಾಕ್ತಾ ಅಪ್ಪ ರಾತ್ರಿ ಕ್ಯಾಲ್ಕುಲೇಟರ್ ಹಿಡ್ಕೊಂಡು ಕೂತಿರೋದನ್ನ ನೋಡಿದ್ದೀನಿ. ಆ ಲೆಕ್ಕದಲ್ಲಿ ಬಿ.ಕಾಂ. ಓದಿದ ಮಗ ಏನೂ ಸಹಾಯ ಮಾಡೋಕೆ ಆಗಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. ಇಲ್ಲಿಂದ ಬಳ್ಳಾರಿ ಲೈನ್ ಹಿಡಿದು ಹೋದರೆ ಸಂಗನಕಲ್ಲು ಸಿಗುತ್ತೆ, ಬಳ್ಳಾರಿ ಪಕ್ಕದ ಗುಡ್ಡ. ಅಲ್ಲಿ ನವಶಿಲಾಯುಗದ ನೆಲೆಯಲ್ಲಿ ಪುರಾತತ್ವದವರು ಮಣ್ಣು ತೊಳೆದು, ಸುಟ್ಟು ಕರಿಯಾದ ಕಾಳುಗಳನ್ನ ಹೆಕ್ಕಿದ್ದಾರೆ. ಸುಮಾರು ನಾಲ್ಕು ಸಾವಿರ ವರ್ಷ ಹಳೆಯವು. ಸಿಕ್ಕಿದ್ದು ಭತ್ತ ಅಲ್ಲ. ಮುಖ್ಯವಾಗಿ ಕೊರಲು, ನವಣೆಯ ಒಂದು ದಾಯಾದಿ ಹುಲ್ಲು, ಹುರುಳಿ, ಹೆಸರು. ಅಂದ್ರೆ ಅವತ್ತು ನಾನು ಮಾಡಿದ ಊಟಕ್ಕೆ ತೀರಾ ದೂರದ್ದೇನಲ್ಲ.

ಹದಿನಾರನೇ ಶತಮಾನದಲ್ಲಿ ಕನಕದಾಸರು ‘ರಾಮಧಾನ್ಯ ಚರಿತೆ’ ಬರೆದರು. ಶಾಲೆಯಲ್ಲಿ ಓದಿರ್ತೀರಿ. ರಾಮನ ಮುಂದೆ ಅಕ್ಕಿ ಮತ್ತು ರಾಗಿ ಜಗಳ ಆಡ್ತವೆ, ಯಾರು ಹೆಚ್ಚು ಅಂತ. ಅಕ್ಕಿ ರಾಗಿಯನ್ನ ಕೀಳು ಜನರ ಊಟ ಅಂತ ಹಂಗಿಸುತ್ತೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸ್ತಾನೆ. ಬಾಗಿಲು ತೆಗೆದಾಗ ಅಕ್ಕಿ ಸೊರಗಿದೆ, ರಾಗಿ ಗಟ್ಟಿಯಾಗಿದೆ. ಅದನ್ನ ಭಕ್ತಿಯ ಕತೆ, ಜಾತಿಯ ಕತೆ ಅಂತ ಎಲ್ಲ ಓದಿದ್ದೆ. ಗೆನ್‌ಶೋ ಆದೇಶ ಓದಿದ ಮೇಲೆ ಅದು ಸ್ಟೋರೇಜ್ ಕತೆ ಕೂಡ ಅಂತ ಹೊಳೀತು. ನಮ್ಮ ಕಡೆ ಹಗೇವು ಇತ್ತಲ್ಲ, ನೆಲದೊಳಗೆ ಬಾವಿಯ ಹಾಗೆ ತೋಡಿ, ಹುಲ್ಲು ಮೆತ್ತಿಸಿ, ಕಾಳು ತುಂಬಿ, ಬಾಯಿ ಮುಚ್ಚಿ ಮಣ್ಣು ಎಳೀತಿದ್ರು. ರಾಗಿ ಅದರಲ್ಲಿ ವರ್ಷಗಟ್ಟಲೆ ಇರ್ತಿತ್ತು. ತೆಗೆಯೋವಾಗ ತಕ್ಷಣ ಇಳಿಯೋ ಹಾಗಿಲ್ಲ, ಒಳಗಿನ ಗಾಳಿ ವಿಷ. ಬಾಯಿ ತೆರೆದು ಬಿಟ್ಟು, ದೀಪ ಇಳಿಸಿ ನೋಡಿ ಆಮೇಲೆ ಇಳೀಬೇಕು. ಹಾಗೆ ಮಾಡದೆ ಸತ್ತವರ ಕತೆ ಪ್ರತಿ ಊರಲ್ಲೂ ಒಂದಿದೆ.

ಜಪಾನಿನಲ್ಲೂ ಊರ ಉಗ್ರಾಣಗಳಲ್ಲಿ ಬರಗಾಲಕ್ಕೆ ಅಂತ ಹಿಯೆ ತುಂಬಿಡ್ತಿದ್ರು. 1833ರ ಬೇಸಿಗೆ ಶುರುವಿನಲ್ಲಿ ನಿನೊಮಿಯಾ ಸೊಂತೊಕು ಅನ್ನೋ ರೈತ ಮುಖಂಡ ಬದನೆಕಾಯಿ ತಿಂದು ನಿಲ್ಲಿಸಿಬಿಟ್ಟನಂತೆ. ಎಳೆ ಬದನೆಯಲ್ಲಿ ಚಳಿಗಾಲದ ಹತ್ತಿರದ ಬದನೆಯ ರುಚಿ. ಈ ವರ್ಷ ಬಿಸಿಲು ಬರಲ್ಲ ಅಂತ ಊಹಿಸಿ, ತನ್ನ ಹಳ್ಳಿಗಳಲ್ಲಿ ಹಿಯೆ ಬಿತ್ತಿಸಿದ. ಬಿಸಿಲು ಬರಲೇ ಇಲ್ಲ. ತೆಂಪೊ ಬರಗಾಲ ದೇಶ ಪೂರ್ತಿ ಹಬ್ಬಿದಾಗ ಆ ಹಳ್ಳಿಗಳು ಉಳಿದವು. ಬದನೆಕಾಯಿಯ ಭಾಗಕ್ಕೆ ಸ್ವಲ್ಪ ಮಸಾಲೆ ಸೇರಿರಬಹುದು. ಆದರೆ ಬೆನ್ನ ಮೇಲೆ ಸೌದೆ ಹೊತ್ತು ಪುಸ್ತಕ ಓದ್ತಾ ನಡೆಯೋ ಅವನ ಪ್ರತಿಮೆ ಜಪಾನಿನ ಎಷ್ಟೋ ಹಳೆಯ ಶಾಲೆಗಳ ಅಂಗಳದಲ್ಲಿದೆ.

ನಮ್ಮ ಕಡೆ ಉಳಿಸೋಕೆ ಯಾರೂ ಇರಲಿಲ್ಲ. ಧಾತು, ಈಶ್ವರ ಸಂವತ್ಸರದ ಬರ ಅಂತ ಹಳಬರು ಹೇಳ್ತಾರಲ್ಲ, 1876ರಿಂದ 78. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಜನ. 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆ ಎಂಟು ಲಕ್ಷ ಕಮ್ಮಿ. ಎರಡು ವರ್ಷ ಸತತ ಮಳೆ ಕೈಕೊಟ್ಟರೆ ಯಾವ ಹಗೇವೂ ಸಾಲಲ್ಲ. ಸಿರಿಧಾನ್ಯ ಬೆಳೆದರೆ ಬರವೇ ಬರಲ್ಲ ಅಂತ ಭಾಷಣ ಮಾಡೋರಿಗೆ ಈ ಎರಡು ಅಂಕಿ ತೋರಿಸಬೇಕು.

ಹಾಗಾದ್ರೆ ಇಷ್ಟು ಗಟ್ಟಿ ಕಾಳುಗಳು ಅಡುಗೆಮನೆಯಿಂದ ಹೋಗಿದ್ದು ಹೇಗೆ? ಒಂದು ಕಾರಣ ಯಾರೂ ಜಾಸ್ತಿ ಹೇಳಲ್ಲ. ಒನಕೆ. ರಾಗಿಯನ್ನ ನೇರ ಬೀಸಬಹುದು. ನವಣೆ, ಸಾವೆ, ಊದಲು, ಹಾರಕದ್ದು ಹಾಗಲ್ಲ, ಮೇಲೆ ಗಟ್ಟಿ ಹೊಟ್ಟು. ಒಣಗಿಸಿ, ಒರಳಿಗೆ ಹಾಕಿ ಕುಟ್ಟಿ, ಮೊರದಲ್ಲಿ ಕೇರಿ, ಮತ್ತೆ ಕುಟ್ಟಿ, ಮತ್ತೆ ಕೇರಿ. ಇದನ್ನೆಲ್ಲ ಮಾಡಿದವರು ಹೆಂಗಸರು. ಚಿತ್ರದುರ್ಗದವರು ನಾವು, ಒನಕೆ ಅಂದ ತಕ್ಷಣ ಓಬವ್ವನ ನೆನಪು, ಎದೆ ಉಬ್ಬುತ್ತೆ. ಆ ಒನಕೆ ಹೈದರಾಲಿಯ ಸೈನಿಕರ ತಲೆ ಮೇಲೆ ಬಿದ್ದಿದ್ದು ಒಂದು ದಿನ. ಮಿಕ್ಕ ದಿನ ಎಲ್ಲ ಅದು ಮಾಡ್ತಿದ್ದ ಕೆಲಸ ಬೇರೆ, ಅದಕ್ಕೆ ಯಾರೂ ಪ್ರತಿಮೆ ಮಾಡಿಲ್ಲ. ಜಪಾನಿನ ಈಶಾನ್ಯದ ಹಳ್ಳಿಗಳಲ್ಲೂ ಅದೇ ಕತೆ: ಹಿಯೆ ಬೇಯಿಸಿ, ಒಣಗಿಸಿ, ಕಾಲಲ್ಲಿ ತುಳಿಯೋ ಒರಳಿನಲ್ಲಿ ಕುಟ್ಟಬೇಕು. ಊರಿಗೆ ಅಕ್ಕಿ ಮಿಲ್ ಬಂದ ದಿನ ಹೆಂಗಸರು ಅದನ್ನ ದೇವರು ಬಂದ ಹಾಗೆ ನೋಡಿದ್ದರೆ ತಪ್ಪೇನು?

ಎರಡನೇ ಕಾರಣ ಮರ್ಯಾದೆ. 1950ರ ಡಿಸೆಂಬರ್‌ನಲ್ಲಿ ಜಪಾನಿನ ಹಣಕಾಸು ಮಂತ್ರಿ ಹಯಾತೊ ಇಕೆದಾ ಸಂಸತ್ತಿನಲ್ಲಿ ಅಕ್ಕಿ ಬೆಲೆಯ ಬಗ್ಗೆ ಉತ್ತರ ಕೊಡ್ತಾ, ಆದಾಯ ಕಮ್ಮಿ ಇರೋರು ಬಾರ್ಲಿ ಜಾಸ್ತಿ, ಇರೋರು ಅಕ್ಕಿ ಜಾಸ್ತಿ ತಿನ್ನೋ ಹಾಗಾಗಬೇಕು ಅನ್ನೋ ಅರ್ಥದ ಮಾತಾಡಿದರು. ಪತ್ರಿಕೆಗಳು ಅದನ್ನ ‘ಬಡವರು ಬಾರ್ಲಿ ತಿನ್ನಲಿ’ ಅಂತ ಚಿಕ್ಕದು ಮಾಡಿ ಹಾಕಿದವು. ದೇಶವೇ ಉರಿದುಬಿತ್ತು. ಆಮೇಲೆ ಅದೇ ಮನುಷ್ಯ ಪ್ರಧಾನಿ ಆದರು. ಅವರ ಕಾಲದಲ್ಲೇ, 1962ರಲ್ಲಿ, ಜಪಾನಿನ ಪ್ರತಿಯೊಬ್ಬರ ವರ್ಷದ ಅಕ್ಕಿ ಸರಾಸರಿ 118 ಕೇಜಿ ಮುಟ್ಟಿತು. ಆಮೇಲೆ ಅದಕ್ಕಿಂತ ಮೇಲೆ ಯಾವತ್ತೂ ಹೋಗಿಲ್ಲ. ಬಡವರೂ ಅಕ್ಕಿ ತಿಂದರು. ಅವಾ, ಹಿಯೆ ಪಂಜರದ ಹಕ್ಕಿಗಳ ಪ್ಯಾಕೆಟ್ಟಿಗೆ ಹೋದವು. ನಮ್ಮಲ್ಲೂ ನವಣೆ ಕೇಳಿದರೆ ‘ಲವ್ ಬರ್ಡ್ಸ್‌ಗಾ?’ ಅಂತ ಅಂಗಡಿಯವರು ಕೇಳಿದ್ದು ನನಗೇ ನೆನಪಿದೆ. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದಾಗ ನಾನು ಹೈಸ್ಕೂಲು. ಸೊಸೈಟಿ ಮುಂದೆ ಅಜ್ಜಿ ತಾನೇ ಹೋಗಿ ನಿಂತಿದ್ಲು, ಯಾರನ್ನೂ ಕಳಿಸಲಿಲ್ಲ.

ಈಗ ಚಕ್ರ ಇನ್ನೊಂದು ಸುತ್ತು ತಿರುಗಿದೆ. ಜಪಾನಿನ ಅಂಗಡಿಗಳಲ್ಲಿ ‘ಹದಿನಾರು ಕಾಳಿನ ಅನ್ನ’ ಅಂತ ಚಿಕ್ಕ ಚಿಕ್ಕ ಸ್ಯಾಶೆ ಸಿಗುತ್ತೆ, ಬಿಳಿ ಅಕ್ಕಿಗೆ ಬೆರೆಸಿಕೊಳ್ಳೋಕೆ. ಅದರಲ್ಲಿ ಅವಾ, ಹಿಯೆ, ಕಿಬಿ ಮೂರೂ ಇರ್ತವೆ, ಬೆಲೆ ಅಕ್ಕಿಗಿಂತ ಎಷ್ಟೋ ಜಾಸ್ತಿ. ನಮ್ಮಲ್ಲಿ ಕಿರುಧಾನ್ಯ ಹೋಗಿ ಸಿರಿಧಾನ್ಯ ಅನ್ನೋ ಹೆಸರು ಬಂತು. ಸರ್ಕಾರದ ರೈತಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಬಂತು. ಇಂಡಿಯಾದ ಪ್ರಸ್ತಾವದ ಮೇಲೆ ವಿಶ್ವಸಂಸ್ಥೆ 2023ನ್ನ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಮಾಡ್ತು. ಹೊಸದುರ್ಗದ ಕಡೆಯ ಸಾವೆ ಬೆಂಗಳೂರಿನ ಸೂಪರ್‌ಮಾರ್ಕೆಟ್ಟಲ್ಲಿ ಕಾಗದದ ಚೀಲದಲ್ಲಿ ಕೂತಿರುತ್ತೆ, ಪಕ್ಕದಲ್ಲಿ ಕೀನ್ವಾ.

ಇಷ್ಟನ್ನೂ ಓದಿ ಬರೆದು ಮುಗಿಸಿದ ಸಂಜೆ ನಾನು ಅಜ್ಜಿ ಹತ್ತಿರ ಕೂತು, ಆ ಮಂತ್ರಿ ಹೇಳಿದ್ದನ್ನ ಹೇಳಿದೆ. ಬಡವರು ಬಾರ್ಲಿ ತಿನ್ನಲಿ ಅಂದಿದ್ದನ್ನ. ಅಜ್ಜಿ ಅಡಕತ್ತರಿ ಕೆಳಗಿಟ್ಲು.

ಅವಳಿಗೆ ಒಂಬತ್ತೋ ಹತ್ತೋ ವರ್ಷ. ಹೊಸದುರ್ಗದ ಕಡೆಯ ಅವಳ ತವರೂರು. ಅವರಪ್ಪ ಒಂದು ದೊಡ್ಡ ಮನೆಯಲ್ಲಿ ಆಳು. ಆ ಮನೆಯಲ್ಲಿ ಮದುವೆ. ಒಳಗಿನ ಪಡಸಾಲೆಯಲ್ಲಿ ನೆಂಟರ ಪಂಕ್ತಿ, ಅಕ್ಕಿ ಅನ್ನ, ತುಪ್ಪ. ಹಿತ್ತಿಲಲ್ಲಿ ಆಳುಗಳ ಪಂಕ್ತಿ, ನವಣಕ್ಕಿ ಅನ್ನ, ಅದೇ ಸಾರು. ಇವಳಿಗೆ ಅಕ್ಕಿ ಅನ್ನದ ವಾಸನೆ. ಮೆಲ್ಲಗೆ ಹೋಗಿ ಒಳಗಿನ ಪಂಕ್ತಿಯ ತುದಿಯಲ್ಲಿ, ಖಾಲಿ ಇದ್ದ ಎಲೆ ಮುಂದೆ ಕೂತಳು. ಅನ್ನ ಬಡಿಸಿಯೂ ಆಯ್ತು. ಯಾರೋ ನೋಡಿದರು. ತೋಳು ಹಿಡಿದು ಎಬ್ಬಿಸಿದರು. ಹೊಡೀಲಿಲ್ಲ, ಬೈಯಲೂ ಇಲ್ಲ.

“ನಕ್ಕರು ಕಣಪ್ಪ. ನವಣೆ ಉಣ್ಣೋ ಹುಡುಗಿ ಇಲ್ಲಿ ಬಂದು ಕುಂತೈತೆ ಅಂತ ನಕ್ಕರು. ನಮ್ಮಪ್ಪ ಬಾಗ್ಲಾಗೆ ನಿಂತಿದ್ದ. ಅವನೂ ನಕ್ಕ.”

ಅವನೂ ನಕ್ಕ ಅನ್ನೋದನ್ನ ಎರಡು ಸಲ ಹೇಳಿದ್ಲು.

ಮದುವೆಯಾಗಿ ಈ ಮನೆಗೆ ಬಂದಮೇಲೆ, ಕೈಯಲ್ಲಿ ನಾಲ್ಕು ಕಾಸು ಆಡೋಕೆ ಶುರುವಾದ ಮೇಲೆ ಅವಳು ಮಾಡಿದ ಮೊದಲ ಕೆಲಸ ನವಣೆ ಒಲೆ ಮೇಲೆ ಏರದ ಹಾಗೆ ನೋಡಿಕೊಂಡಿದ್ದು. ಅಡಿಕೆ ಗಿಡ ಹಾಕಿಸು ಅಂತ ಅಜ್ಜನ ಹಿಂದೆ ಬಿದ್ದವಳೂ ಅವಳೇ ಅಂತೆ. ನನಗೆ ಅದು ಗೊತ್ತೇ ಇರಲಿಲ್ಲ. ಸಿರಿಧಾನ್ಯ ಬಿಟ್ಟು ತಪ್ಪು ಮಾಡಿದ ತಲೆಮಾರು ಅಂತ ನಾನು ಇದೇ ಪಾಡ್‌ಕಾಸ್ಟಿನ ಹಳೆಯ ಒಂದು ಎಪಿಸೋಡಲ್ಲಿ ಬಹಳ ಧೈರ್ಯವಾಗಿ ಹೇಳಿದ್ದೆ. ಅದನ್ನ ತೆಗೆದುಹಾಕಲ್ಲ, ಅಲ್ಲೇ ಇರಲಿ. ಕೇಳಿದವರು ಇದನ್ನೂ ಕೇಳಿ.

ಅಪ್ಪ ಈ ಸಲ ಕೆಳಗಿನ ಅರ್ಧ ಎಕರೆಯಲ್ಲಿ ಒಣಗಿದ ಅಡಿಕೆ ಗಿಡ ಕಿತ್ತಿದ್ದಾನೆ. ಮತ್ತೆ ಅಡಿಕೆ ಹಾಕಲ್ಲ, ನೀರಿಲ್ಲ. ಏನಾದರೂ ಮಳೆಗೆ ಬರೋದು ಬಿತ್ತಬೇಕು. ನಾನು ಉತ್ಸಾಹದಿಂದ ನವಣೆ ಅಂದೆ, ಗೆಳೆಯ ತಂದ ಅವಾ ಮಿಕ್ಕಿದೆಯಲ್ಲ ಅದನ್ನೇ ಬಿತ್ತೋಣ ಅಂದೆ. ಅಜ್ಜಿ ಒಳಗಿಂದಲೇ ಕೂಗಿದ್ಲು, ಹೊಟ್ಟು ತೆಗೆದ ಕಾಳು ಮೊಳೀತೈತೇನೋ, ಕಾಲೇಜಲ್ಲಿ ಅದೇನ್ ಓದಿದ್ಯೋ ಅಂತ.

ಮಾರನೇ ದಿನ ತವರೂರಿಗೆ ಫೋನ್ ಹಚ್ಚು ಅಂದ್ಲು. ಹಚ್ಚಿಕೊಟ್ಟೆ. ಅರ್ಧ ಗಂಟೆ ಯಾರ್ಯಾರದೋ ಆರೋಗ್ಯ ವಿಚಾರಿಸಿ, ಕೊನೆಗೆ ಸಾವೆ ಬೀಜ ಕೇಳಿದ್ಲು. ಮೂರು ತಿಂಗಳಿಗೆ ಕೈಗೆ ಬರುತ್ತೆ, ಮಳೆ ಸ್ವಲ್ಪ ಹಿಂದೆಮುಂದೆ ಆದರೂ ತಡ್ಕೊಳುತ್ತೆ ಅಂತ ಅಪ್ಪನಿಗೆ ಹೇಳಿದ್ಲು. ಹೋದ ವಾರ ಬೀಜ ಬಂತು, ಒಂದು ಹಳೇ ಪಂಚೆಯಲ್ಲಿ ಕಟ್ಟಿದ ಗಂಟು. ಅಜ್ಜಿ ಅದನ್ನ ಬಿಚ್ಚಿ, ಒಂದು ಹಿಡಿ ತಗೊಂಡು ಅಂಗೈಯಲ್ಲಿ ಉಜ್ಜಿ, ಊದಿ, ಬಿಸಿಲಿಗೆ ಹಿಡಿದು ನೋಡಿದ್ಲು. ಜೊಳ್ಳು ಜಾಸ್ತಿ ಅಂತ ಗೊಣಗಿದ್ಲು. ಆಮೇಲೆ ಮೊರ ತರೋಕೆ ಹೇಳಿದ್ಲು, ನಮ್ಮನೆಯಲ್ಲಿ ಮೊರ ಇರಲಿಲ್ಲ, ಪಕ್ಕದ ಮನೆಯಿಂದ ತಂದ್ವಿ.

“ಬೆಳೆದ ಮೇಲೆ ಉಣ್ತೀಯಾ?” ಅಂತ ಕೇಳಿದೆ.

“ನೀವು ಉಣ್ರಿ” ಅಂದು, ಕೇರೋಕೆ ಶುರು ಮಾಡಿದ್ಲು. ನಾನು ರೆಕಾರ್ಡ್ ಮಾಡಿದ ಆ ಸದ್ದನ್ನೇ ಈಗ ಹಾಕ್ತೀನಿ, ಒಂದು ನಿಮಿಷ ಇದೆ, ನಡುವೆ ಹುಬ್ಬಳ್ಳಿ ಗಾಡಿ ಹಾದುಹೋಗುತ್ತೆ.